ಕಕ್ಕಡದಲ್ಲಿ ಮೂಗಿನ ಪಾಠ

ಜ್ವರ ಇಳಿದ ಮರುದಿನ ಒಗ್ಗರಣೆ ಸೀದು ಕರಕಲಾಗಿ
ಹೊಗೆ ಕಣ್ಣಿಗೆ ತಾಗಿದ ಮೇಲೆ ಗೊತ್ತಾಯಿತು
ಮೂಗು ಕೆಲಸ ಬಿಟ್ಟಿದೆ.

ಪೊನ್ನಂಪೇಟೆಯಲ್ಲಿ ಇಪ್ಪತ್ತಾರು ವರ್ಷ
ಮದುವೆಮನೆಗಳ ಒಲೆ ಹಚ್ಚಿದವನು ನಾನು, ಮೊಣ್ಣಪ್ಪ.
ನಾಲಗೆ ಇತ್ತು. ಉಪ್ಪು ತಿಳಿಯುತ್ತಿತ್ತು,
ಕಾಚಂಪುಳಿಗೆ ಹಲ್ಲಿನ ಬುಡ ಜುಮ್ಮೆನ್ನುತ್ತಿತ್ತು,
ಗಾಂಧಾರಿ ಮೆಣಸು ಹಳೆ ವೈರಿಯ ಹಾಗೆ
ನಿಯತ್ತಾಗಿ ಉರಿಯುತ್ತಿತ್ತು.
ಆದರೆ ಪಂದಿಕರಿ ಎಂಬುದು
ಮೆತ್ತಗಿನ, ಬಿಸಿಯಾದ, ಉಪ್ಪಾದ ಒಂದು ವಸ್ತು, ಅಷ್ಟೆ.
"ರುಚಿ ನೋಡಣ್ಣ" ಎಂದು ಬೋಪು ಸೌಟು ಚಾಚಿದರೆ
ನೋಡುತ್ತಿದ್ದೆ.
ಬರೀ ನೋಡುತ್ತಿದ್ದೆ.

ಮಹಡಿಯ ಬಾಡಿಗೆ ಕೋಣೆಯಲ್ಲಿ ನಫೀಸಾ,
ಅರಣ್ಯ ಕಾಲೇಜಿನಲ್ಲಿ ಎಲೆಗಳ ಎಣ್ಣೆ ಹಿಂಡಿ ಅಳೆಯುವ ಹುಡುಗಿ.
ಒಂದು ಸಂಜೆ ಮೆಟ್ಟಿಲ ಮೇಲೆ ಕೂತು ಹೇಳಿದಳು:
ಅಂಕಲ್, ನಾಲಗೆಗೆ ಗೊತ್ತಿರುವುದು ಐದಾರು ಅಕ್ಷರ.
ಪುಸ್ತಕ ಓದುವುದೆಲ್ಲ ಮೂಗು,
ಅದೂ ಹಿಂಬಾಗಿಲಿನಿಂದ.
ಅಗಿದು ನುಂಗಿ ಉಸಿರು ಬಿಡುವಾಗ
ಗಂಟಲ ಹಿಂದಿನ ಓಣಿ ಹತ್ತಿ ಹೋಗುತ್ತದೆ ಘಮ,
ನಾವು ಅದನ್ನು ಬಾಯಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತೇವೆ.

ಅಂದರೆ ಇಷ್ಟು ವರ್ಷ
ದುಡಿದದ್ದು ಮೂಗು, ಸಂಬಳ ನಾಲಗೆಗೆ.

ನರ ಮತ್ತೆ ಚಿಗುರುತ್ತದೆ ಎಂದಳು,
ಕಸಿ ಮಾಡಿದ ಕಾಫಿ ಗಿಡದ ಹಾಗೆ;
ಯಾವ ಚಿಗುರು ಯಾವ ಕಡೆ ಎಂಬುದು ಮಾತ್ರ ಮರೆತಿರುತ್ತದೆ,
ಕಲಿಸಬೇಕು.
ನಾಲ್ಕು ಜಾಮ್ ಬಾಟಲಿ ತಂದಿಟ್ಟಳು:
ಮಜ್ಜಿಗೆಹುಲ್ಲು, ಕರಿಬೇವು, ಕಾಡುಕೊತ್ತಂಬರಿ, ಮದ್ದುಸೊಪ್ಪು.
ದಿನಕ್ಕೆ ಎರಡು ಸಲ, ಹೆಸರು ನೆನೆಯುತ್ತ ಮೂಸುವುದು.

ಹಾಗೇ ಮೂಸಬೇಡಿ, ಹರಿಯಿರಿ.
ಹಸಿರು ವಾಸನೆ ಎಲೆಯೊಳಗೆ ಸಿದ್ಧವಾಗಿ ಕೂತಿರುವುದಿಲ್ಲ.
ಗೋಡೆಯ ಆಚೆ ಕೊಬ್ಬು, ಈಚೆ ಅದನ್ನು ಕತ್ತರಿಸುವ ಕೈ;
ಗೋಡೆ ಒಡೆದ ಕ್ಷಣ ಎರಡೂ ಕೂಡಿ
ಆಗಷ್ಟೇ ಹುಟ್ಟುತ್ತದೆ.
ಕಡಿದ ಹುಳಕ್ಕೆ ಬೈಗುಳ, ಪಕ್ಕದ ಗಿಡಕ್ಕೆ ಸುದ್ದಿ.

ಎಷ್ಟು ಚಪ್ಪರಗಳಲ್ಲಿ ನಾನು ಬೈಗುಳ ಬಡಿಸಿ
"ಏನು ಘಮ ಮೊಣ್ಣಪ್ಪ!" ಎನಿಸಿಕೊಂಡೆನೋ.

ಕಕ್ಕಡ ಹುಟ್ಟಿತು.
ದಿನಕ್ಕೊಂದು ಮದ್ದು ಸೇರುತ್ತದಂತೆ ಆ ಸೊಪ್ಪಿಗೆ,
ಹದಿನೆಂಟರಂದು ಹದಿನೆಂಟು.
ನಿನ್ನ ಯಂತ್ರ ಏನನ್ನುತ್ತದೆ ಮಗಳೇ?
ನಕ್ಕಳು. ಗೆರೆಗಳು ಗುಡ್ಡದ ಹಾಗೆ ಏಳುತ್ತವೆ,
ಹದಿನೆಂಟಕ್ಕೆ ನಿಲ್ಲುವುದಿಲ್ಲ, ಕೆಲವಕ್ಕೆ ಹೆಸರೂ ಇಲ್ಲ.
ಅಜ್ಜಿಯರು ಯಾವುದನ್ನು ಎಣಿಸಿದರೋ.

ಹನ್ನೊಂದನೆಯ ದಿನ ಬೆಳಿಗ್ಗೆ
ಕಾಡುಕೊತ್ತಂಬರಿ ಹಿಸುಕಿದೆ, ಛೀ!
ಭತ್ತದ ತೆನೆಯ ನಾತದ ತಿಗಣೆ,
ಚಿಕ್ಕವನಿದ್ದಾಗ ಅಂಗೈಯಲ್ಲಿ ಅರೆದದ್ದು, ಅದೇ.
ಮೂಗು ಕೆಟ್ಟೇಹೋಯಿತು ಎಂದು ಕೂಗಿದೆ.
ನಫೀಸಾ ಎರಡೆರಡು ಮೆಟ್ಟಿಲು ಹಾರಿ ಬಂದಳು:
ಕೆಟ್ಟಿಲ್ಲ ಅಂಕಲ್, ಸರಿಯಾಗೇ ಓದಿದೆ!
ಹುಳದಲ್ಲೂ ಸೊಪ್ಪಿನಲ್ಲೂ ಇರುವುದು ಒಂದೇ ವಂಶದ ಅಣು,
ನಿಮಗೆ ಮೊದಲ ಸಾಲು ಮಾತ್ರ ಸಿಕ್ಕಿದೆ.
ಆ ದಿನವಿಡೀ ಬೆರಳು ತೊಳೆಯಲಿಲ್ಲ.
ಬೋಪುವಿಗೂ ಮೂಸಿಸಿದೆ. ಅವನು ಊರಿಗೆಲ್ಲ ಹೇಳಿದ,
ಅಣ್ಣನಿಗೆ ತಿಗಣೆ ಬಂದಿದೆ.

ಹದಿನೆಂಟು.
ಸೊಪ್ಪು ಬೇಯಿಸಿದೆ, ನೀರು ನೇರಳೆಗೆ ತಿರುಗಿತು,
ಅಕ್ಕಿ, ಬೆಲ್ಲ, ತೆಂಗಿನ ಹಾಲು.
ಬೀದಿಯ ತಿರುವಿಗೇ ಬರುತ್ತಿದೆ ಎಂದರು ಬಂದವರೆಲ್ಲ,
ಬಾಗಿಲಲ್ಲೇ ಕಣ್ಣು ಮುಚ್ಚಿ ನಿಂತರು.
ನಾನು ಅವರ ಮುಖಗಳನ್ನು ನೋಡಿ ಬೆಲ್ಲ ಹದ ಮಾಡಿದೆ.
ನನ್ನ ಬಟ್ಟಲಲ್ಲಿ ಸಿಹಿ ಇತ್ತು, ಬಣ್ಣ ಇತ್ತು,
ಮೇಲೆ ತುಪ್ಪದ ಜಾರು.

ಮರುದಿನ ಬಚ್ಚಲಲ್ಲಿ ನೋಡುತ್ತೇನೆ,
ಎಲ್ಲರಿಗೂ ಆಗುವಂತೆ ನನಗೂ
ಕೆಂಪು.
ಒಳಗೆ ಯಾರಿಗೋ ಸೊಪ್ಪಿನ ಗುರುತು ಸಿಕ್ಕಿದೆ,
ಮೂಗಿಗೆ ಇನ್ನೂ ಹೇಳಿಲ್ಲ.

ಕೈ ತೊಳೆದು ಬಂದು
ನಾಲ್ಕನೆಯ ಬಾಟಲಿಯ ಮುಚ್ಚಳ ತಿರುಗಿಸಿದೆ.